ಕೃಷಿ ಹೊಂಡ ತೋಡುವಾಗ ಎಲುಬು ಸಿಕ್ಕಿವೆ. ಮೋರೇರದ್ದಾ, ಕೊಲೆಯಾ, ಏನಿದು?

ಕನಕಗಿರಿ_ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಾಕಾನ ಹೊಲ ಕನಕಗಿರಿ ಸೀಮೆಯಲ್ಲಿದೆ. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ರಾತ್ರಿ ನಿಧಿ ಹುಡುಕುವವರು ಹಾರೆ ಹಿಡಿದು ಬರುತ್ತಾರೆ. ಸೋಮವಾರ ಕೃಷಿ ಹೊಂಡಕ್ಕೆ ಜೆಸಿಬಿ ತರಿಸಿದ್ದೆವು. ಆಳೆತ್ತರ ಅಗೆದ ಮೇಲೆ ಬಕೆಟ್‌ನಲ್ಲಿ ಮಡಕೆ ಚೂರು ಬಂದವು. ಒಳಗೆಲ್ಲ ಕಪ್ಪು, ಬಾಯಿಯೂ ಕಪ್ಪು, ಹೊರಗೆ ಕೆಳಗಡೆ ಮಾತ್ರ ಕೆಂಪು. ಅದರ ಹಿಂದೆಯೇ ಎಲುಬು. ಒಂದು ಕೆಳದವಡೆ, ಸಣ್ಣದು, ನನ್ನ ಅಂಗೈಯಲ್ಲಿ ಕೂರುತ್ತದೆ. ಒಂದು ತೊಡೆ ಎಲುಬು, ಒಂದು ಗೇಣು ಮೇಲೆ ಮೂರು ಬೆರಳು ಉದ್ದ. ಉಳಿದದ್ದೆಲ್ಲ ಚೂರು.

ಈಗ ಊರಲ್ಲಿ ಮೂರು ಪಾರ್ಟಿ ಆಗಿವೆ. ನಮ್ಮ ಅಜ್ಜಿಯ ತವರು ಹಿರೇಬೆಣಕಲ್ ಕಡೆ. ಅವಳು ನೋಡಿದ ಕೂಡಲೇ ಹೇಳಿದಳು: "ಇವು ಮೋರೇರ ಎಲುಬು, ಮೂರಡಿ ಮನುಷ್ಯಾರು ಅವರು. ಮುಟ್ಟಬ್ಯಾಡ್ರಿ." ಎರಡನೆಯದು ಕೊಲೆ ಪಾರ್ಟಿ. ತೊಡೆ ಎಲುಬಿನ ಎರಡೂ ತುದಿಯಲ್ಲಿ ಗುಂಡಗಿನ ಭಾಗವೇ ಇಲ್ಲ, ಗರಗಸದಲ್ಲಿ ಕೊಯ್ದ ಹಾಗೆ ಚಪ್ಪಟೆ. ಯಾರನ್ನೋ ತುಂಡು ಮಾಡಿ ಹೂತಿದ್ದಾರೆ ಅಂತ ಅವರ ವಾದ. ಮೂರನೆಯದು ನಿಧಿ ಪಾರ್ಟಿ. ಎಲುಬಿನ ಕೆಳಗೆ ಬಂಗಾರ ಇದ್ದೇ ಇರುತ್ತದೆ, ಇನ್ನು ನಾಲ್ಕು ಅಡಿ ಹೊಡೆಯಿರಿ ಅನ್ನುತ್ತಾರೆ.

ಕೆಲಸ ನಿಲ್ಲಿಸಿದ್ದೇವೆ. ಐದು ಫೋಟೋ ಹಾಕಿದ್ದೇನೆ. ಇದು ಹಳೆಯದಾ ಹೊಸದಾ? ಎಲುಬು ನೋಡಿ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಹೇಳಬಹುದಾ? ಮೂರಡಿ ಜನ ನಿಜವಾಗಿ ಇದ್ದರಾ?

ಗುಂಡಪ್ಪ_77
ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ಸುಮ್ನೆ ಹೇಳಿಲ್ಲ ನೋಡಿ.

ಜೆಸಿಬಿ_ಮಾಲೀಕ
ನಾನು ಮೂರು ವರ್ಷದಿಂದ ಈ ಭಾಗದಲ್ಲೇ ಗಾಡಿ ಓಡಿಸುತ್ತಿದ್ದೇನೆ. ಎಲುಬು ಸಿಕ್ಕರೆ ಡ್ರೈವರ್‌ಗಳು ಮಣ್ಣು ಮುಚ್ಚಿ ಮುಂದೆ ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಪೊಲೀಸ್ ಬಂದರೆ ಗಾಡಿ ನಾಲ್ಕು ದಿನ ನಿಲ್ಲುತ್ತದೆ, ಕಂತು ಯಾರು ಕಟ್ಟುತ್ತಾರೆ?

ನಿವೃತ್ತ_ರೈಟರ್
ಜೆಸಿಬಿ ಅಣ್ಣ, ಮುಚ್ಚಿ ಹೋಗಿ ಆಮೇಲೆ ಅದು ನಿಜಕ್ಕೂ ಕೊಲೆ ಕೇಸ್ ಅಂತ ಆದರೆ ಗಾಡಿ ನಾಲ್ಕು ದಿನ ಅಲ್ಲ, ನಾಲ್ಕು ವರ್ಷ ನಿಲ್ಲುತ್ತದೆ.

ಹುಡುಗಾ, ಮೊದಲು ಠಾಣೆಗೆ ಹೇಳು. 112ಕ್ಕೆ ಫೋನ್ ಮಾಡಿದರೂ ಸಾಕು. ಹಳೆಯದೋ ಹೊಸದೋ ತೀರ್ಮಾನ ಮಾಡುವುದು ನಿನ್ನ ಕೆಲಸ ಅಲ್ಲ, ನನ್ನದೂ ಅಲ್ಲ. ಅಸಹಜ ಸಾವು ಅಂತ ಒಂದು ಯುಡಿಆರ್ ಮಾಡುತ್ತಾರೆ. ಕಾನೂನಿನ ಕಲಂ ಮೊದಲು ಸಿಆರ್‌ಪಿಸಿ 174 ಅನ್ನುತ್ತಿದ್ದೆವು, ಈಗ ಬಿಎನ್‌ಎಸ್‌ಎಸ್ 194. ಎಲುಬು ಡಾಕ್ಟರ್ ಕೈಗೆ ಹೋಗುತ್ತದೆ. ಅವರು ಹೇಳುವ ಮೊದಲ ಮಾತು ಮನುಷ್ಯನದ್ದಾ ಪ್ರಾಣಿಯದ್ದಾ ಅಂತ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಸ್ ಅಲ್ಲೇ ಮುಗಿಯುತ್ತವೆ. ಎಮ್ಮೆ, ಆಡು, ನಾಯಿ.

ದರೋಜಿ_ಕಡೆಯವ
ರೈಟರ್ ಸಾಹೇಬರೇ, ಕರಡಿ ಬಿಟ್ಟಿರಿ. ನಮ್ಮ ಕರಡಿಧಾಮದ ಸುತ್ತ ಇದು ಹಳೇ ಕಥೆ. ಕರಡಿಯ ಪಂಜದಿಂದ ಉಗುರು, ಚರ್ಮ ಹೋದರೆ ಉಳಿಯುವುದು ಥೇಟ್ ಮನುಷ್ಯನ ಕೈ.

ನಿವೃತ್ತ_ರೈಟರ್
ಅಯ್ಯೋ ಆ ನೆನಪು ಮಾಡಬೇಡಿ. ಸರ್ವಿಸ್ ಶುರುವಿನಲ್ಲಿ ಒಂದು ಹಳ್ಳದಲ್ಲಿ "ಕತ್ತರಿಸಿದ ಕೈ" ಸಿಕ್ಕಿತು. ರಾತ್ರಿಯೆಲ್ಲ ಕಾವಲು ಕೂತೆ. ಬೆಳಿಗ್ಗೆ ಡಾಕ್ಟರ್ ಬಂದು ಒಂದೇ ನಿಮಿಷ ನೋಡಿ ನಕ್ಕರು. ಅದರ ಹೆಬ್ಬೆರಳು ಇರಬೇಕಾದ ಕಡೆ ಸಣ್ಣ ಬೆರಳಿತ್ತು, ಕಿರುಬೆರಳಿನ ಕಡೆ ದಪ್ಪ. ಕರಡಿ. ಠಾಣೆಯಲ್ಲಿ ಒಂದು ವರ್ಷ ನನ್ನನ್ನು ಜಾಂಬವಂತ ಅಂತ ಕರೆದರು.

ಮೂಳೆ_ಮೇಷ್ಟ್ರು
ನಾನು ಬಳ್ಳಾರಿಯವನು. ಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನೆ ಪಾಠ ಮಾಡಿ ನಿವೃತ್ತಿ ಆಗಿದ್ದೇನೆ. ಫೋಟೋ ನೋಡಿ ಖಚಿತ ಅಂತ ಹೇಳುವ ಅಭ್ಯಾಸ ನನಗಿಲ್ಲ. ಆದರೂ ನಾಲ್ಕನೇ ಫೋಟೋ ನೋಡಿ ಸುಮ್ಮನಿರಲು ಆಗಲಿಲ್ಲ.

ಆ ತುದಿ ಗರಗಸದಲ್ಲಿ ಕೊಯ್ದದ್ದಲ್ಲ. ದೊಡ್ಡದು ಮಾಡಿ ನೋಡಿ. ಕೊಯ್ದಿದ್ದರೆ ಸಮನಾಗಿ, ಗೆರೆ ಗೆರೆಯಾಗಿ, ಒಳಗಿನ ಟೊಳ್ಳು ಕಾಣುವ ಹಾಗೆ ಇರುತ್ತಿತ್ತು. ಇಲ್ಲಿ ಮೇಲ್ಮೈ ಉಬ್ಬು ತಗ್ಗಾಗಿದೆ, ಉತ್ತ ಹೊಲದ ಹಾಗೆ. ಟೊಳ್ಳೂ ಕಾಣುತ್ತಿಲ್ಲ. ಇದು ಬೆಳೆಯುತ್ತಿರುವ ಎಲುಬಿನ ತುದಿ. ಮಕ್ಕಳಲ್ಲಿ ಉದ್ದ ಎಲುಬಿನ ನಡುಭಾಗ ಬೇರೆ, ತುದಿಯ ಗುಂಡು ಬೇರೆ. ನಡುವೆ ಮೆದು ಮೂಳೆಯ ಒಂದು ಪದರ, ಅಲ್ಲೇ ಬೆಳವಣಿಗೆ ಆಗುವುದು. ಸತ್ತ ಮೇಲೆ ಮೆದು ಮೂಳೆ ಕೊಳೆತು ಗುಂಡು ಬೇರೆಯಾಗಿ ಬೀಳುತ್ತದೆ. ನಿಮ್ಮ ಮಣ್ಣು ಜರಡಿ ಹಿಡಿದರೆ ಆ ಗುಂಡೂ ಸಿಗಬಹುದು, ಅಡಿಕೆ ಉಂಡೆಯ ಹಾಗೆ ಇರುತ್ತದೆ.

ದೊಡ್ಡವರಲ್ಲಿ 206 ಎಲುಬು ಅಂತ ಶಾಲೆಯಲ್ಲಿ ಓದಿದ್ದೀರಿ. ಹುಟ್ಟುವಾಗ 300ರ ಹತ್ತಿರ ತುಂಡುಗಳಿರುತ್ತವೆ. ಒಂದೊಂದೂ ಒಂದೊಂದು ವಯಸ್ಸಿಗೆ ಕೂಡಿಕೊಳ್ಳುತ್ತದೆ. ತೊಡೆ ಎಲುಬಿನ ಮೊಣಕಾಲ ಕಡೆಯ ತುದಿ 16ರಿಂದ 18ರ ಸುಮಾರಿಗೆ ಕೂಡುತ್ತದೆ. ಎಲ್ಲಕ್ಕಿಂತ ಕೊನೆಗೆ ಕೊರಳೆಲುಬು, ಎದೆಯ ಕಡೆಯ ತುದಿ. ಅದು ಇಪ್ಪತ್ತು ದಾಟಿದ ಮೇಲೆ, ಕೆಲವರಲ್ಲಿ 30ರ ಹತ್ತಿರ. ಯುವಕರ ಶವ ಗುರುತಿಸುವಾಗ ಮೊದಲು ಅದನ್ನೇ ನೋಡುತ್ತೇವೆ.

ಹುಡುಗಾ, ದವಡೆಯ ಫೋಟೋ ಹತ್ತಿರದಿಂದ ತೆಗೆದು ಹಾಕಪ್ಪ. ಹಲ್ಲು ಕಾಣಬೇಕು. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡು. ಎಲುಬನ್ನು ತೊಳೆಯಬೇಡ.

ಕನಕಗಿರಿ_ಹುಡುಗ
ಸರ್, ತೊಳೆದುಬಿಟ್ಟಿದ್ದಾರೆ. ಕಾಕಿ ಬೋರ್‌ವೆಲ್ ನೀರಲ್ಲಿ ತೊಳೆದು ಬುಟ್ಟಿಯಲ್ಲಿ ಇಟ್ಟಿದ್ದಾಳೆ. ಅರಿಶಿನ ಹಚ್ಚುವಷ್ಟರಲ್ಲಿ ತಡೆದೆ.

ಮೂಳೆ_ಮೇಷ್ಟ್ರು
ಶಿವಾ.

ರಾಯಚೂರು_ರೈಲು
ಮೇಷ್ಟ್ರೇ, ಒಂದು ಮಾತು. ಮೂರಡಿ ಜನ ಇದ್ದರೆ ಅವರ ಎಲುಬೂ ಹೀಗೇ ಸಣ್ಣಗೇ ಇರುತ್ತವಲ್ಲ? ಮಗು ಅಂತ ಯಾಕೆ ಹೇಳುತ್ತೀರಿ? ಇಂಡೋನೇಷ್ಯಾದಲ್ಲಿ ನಿಜಕ್ಕೂ ಕುಬ್ಜರು ಸಿಕ್ಕಿದ್ದಾರೆ. ಹಿರೇಬೆಣಕಲ್ ಕಲ್ಮನೆಗಳ ಕಿಂಡಿ ನೋಡಿದ್ದೀರಾ? ದೊಡ್ಡವರು ನುಗ್ಗುವುದಕ್ಕೆ ಆಗುವುದಿಲ್ಲ.

ಸಂಗನಕಲ್ಲು_ಸುತ್ತಾಟ
ಆ ಕಿಂಡಿ ಬಾಗಿಲಲ್ಲ ಮಾರಾಯ್ರೇ. ಅವು ಮನೆಗಳೇ ಅಲ್ಲ, ಸತ್ತವರಿಗೆ ಕಟ್ಟಿದ್ದು. ಗುಡ್ಡದ ಮೇಲೆ ಸುಮಾರು 400 ಇವೆ. ಕೆಲವು ಕಲ್ಮನೆ ಆಳೆತ್ತರ ಮೀರಿವೆ. ಮೂರಡಿಯವನಿಗೆ ಅಷ್ಟೆತ್ತರದ ಚಾವಣಿ ಯಾಕೆ ಬೇಕು? ಆ ಚಪ್ಪಡಿ ಎತ್ತಿ ಇಟ್ಟವರು ಯಾರು?

ರಾಯಚೂರು_ರೈಲು
ಮೋರೇರು ಅಂದರೆ ಮೌರ್ಯರು ಅಂತಲೂ ಹೇಳುತ್ತಾರೆ. ಮಸ್ಕಿಯಲ್ಲಿ ಅಶೋಕನ ಶಾಸನ ಇದೆಯಲ್ಲ.

ಸಂಗನಕಲ್ಲು_ಸುತ್ತಾಟ
ಶಾಸನ ಇದೆ, 1915ರಲ್ಲಿ ಬಂಗಾರದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿತ್ತು, ಅದರಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಒಪ್ಪಿದೆ. ಹೆಸರು ಹತ್ತಿರ ಇದೆ ಅಂತ ಸಮಾಧಿ ಅವರದ್ದು ಆಗುತ್ತದಾ? ಅಶೋಕ ಬರುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಕಲ್ಲು ನಿಲ್ಲಿಸಿ ಹೂಳುವ ಪದ್ಧತಿ ಇತ್ತು. ಒಳಗೆ ಕಪ್ಪು ಹೊರಗೆ ಕೆಂಪು ಅಂದಿರಲ್ಲ, ಆ ಮಡಕೆಯೂ ಅದೇ ಕಬ್ಬಿಣ ಯುಗದ ಗುರುತು. ಬೋರಲು ಹಾಕಿ ಸುಡುತ್ತಿದ್ದರು. ಗಾಳಿ ತಾಗದ ಕಡೆ ಕಪ್ಪು, ತಾಗಿದ ಕಡೆ ಕೆಂಪು. ಮಡಕೆ ಮತ್ತು ಎಲುಬು ಒಂದೇ ಗುಣಿಯಲ್ಲಿ ಇದ್ದವು ಅಂತ ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಬಕೆಟ್‌ನಲ್ಲಿ ಒಟ್ಟಿಗೆ ಬಂದವು ಅಂದರೆ ಸಾಲದು. ಬಕೆಟ್ ಎಲ್ಲವನ್ನೂ ಒಟ್ಟಿಗೇ ತರುತ್ತದೆ.

ಸಿಂಧನೂರು_ಅಕ್ಕ
ಹೊಲ ಎರೆಯಾ ಮಸಾರಿಯಾ? ಎರೆ ಆದರೆ ಇನ್ನೂ ಕಷ್ಟ. ನಮ್ಮಲ್ಲಿ ಬೇಸಿಗೆಗೆ ಬಾಯಿ ಬಿಟ್ಟ ಬಿರುಕಿನಲ್ಲಿ ನನ್ನ ಕಾಲುಂಗುರ ಬಿದ್ದು, ಮಳೆಗಾಲ ಕಳೆದು ಎರಡು ವರ್ಷಕ್ಕೆ ನೇಗಿಲ ಬಾಯಿಗೆ ಸಿಕ್ಕಿತು. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡುವ ಮಣ್ಣು ಅದು.

ಸಂಗನಕಲ್ಲು_ಸುತ್ತಾಟ
ಅಕ್ಕ, ನೂರಕ್ಕೆ ನೂರು. ಎರೆ ಉಬ್ಬಿ ಕುಗ್ಗಿ ಎಲುಬನ್ನು ಮುರಿಯುತ್ತದೆ ಕೂಡ.

ಕನಕಗಿರಿ_ಹುಡುಗ
ಮೇಲೆ ಮಸಾರಿ, ಕೆಳಗೆ ಬಿಳಿ ಗರಸು. ದವಡೆ ಫೋಟೋ ಹಾಕಿದ್ದೇನೆ, ಐದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ಎಡಗಡೆ ದವಡೆ ಒಡೆದಿದೆ, ಒಳಗೆ ಇನ್ನೊಂದು ಹಲ್ಲು ಕಾಣುತ್ತದೆ. ಅದನ್ನು ನೋಡಿ ಊರಲ್ಲಿ ಹೊಸ ಸುದ್ದಿ: ಎರಡು ಸಾಲು ಹಲ್ಲಿದ್ದ ರಾಕ್ಷಸ ಅಂತೆ.

ಗುಂಡಪ್ಪ_77
ಮೂರಡಿ ರಾಕ್ಷಸ. ಬಜೆಟ್ ಕಮ್ಮಿ ಇತ್ತು ಅನ್ನಿಸುತ್ತದೆ.

ಮೂಳೆ_ಮೇಷ್ಟ್ರು
ರೈಲು ಅವರಿಗೆ ಈಗ ಉತ್ತರ ಕೊಡಬಹುದು. ಅವರ ಪ್ರಶ್ನೆ ಒಳ್ಳೆಯದೇ ಆಗಿತ್ತು, ಯಾರೂ ಗೇಲಿ ಮಾಡಬೇಡಿ.

ಒಳಗಿನ ಆ ಹಲ್ಲು ರಾಕ್ಷಸನದ್ದಲ್ಲ. ಹಾಲು ಹಲ್ಲಿನ ಕೆಳಗೆ ಶಾಶ್ವತ ಹಲ್ಲು ಕಾಯುತ್ತಾ ಕೂತಿದೆ. ನಮ್ಮ ನಿಮ್ಮ ಮನೆಯ ಎಲ್ಲ ಮಕ್ಕಳ ದವಡೆಯೂ ಒಳಗೆ ಹೀಗೇ ಇರುತ್ತದೆ. ಹಾಲು ದವಡೆ ಹಲ್ಲಿನ ಹಿಂದೆ ಒಂದು ದೊಡ್ಡ ಹಲ್ಲು ಅರ್ಧ ಮೇಲೆ ಬಂದಿದೆ ನೋಡಿ. ಅದು ಮೊದಲ ಶಾಶ್ವತ ದವಡೆ ಹಲ್ಲು. ಸುಮಾರು ಆರನೇ ವರ್ಷಕ್ಕೆ ಬರುತ್ತದೆ. ಅಂದರೆ ಐದೂವರೆಯಿಂದ ಏಳರ ಒಳಗಿನ ಮಗು.

ಎತ್ತರಕ್ಕೆ ಬನ್ನಿ. ದೊಡ್ಡವರಲ್ಲಿ ತೊಡೆ ಎಲುಬು ಎತ್ತರದ ಕಾಲು ಭಾಗಕ್ಕಿಂತ ತುಸು ಜಾಸ್ತಿ. ಗೇಣು ಮೇಲೆ ಮೂರು ಬೆರಳು ಅಂದರೆ 27–28 ಸೆಂ.ಮೀ. ಮಕ್ಕಳಿಗೆ ಲೆಕ್ಕ ಬೇರೆಯಾದರೂ ಸುಮಾರು ಮೂರೂವರೆ ಅಡಿ ಅಂದುಕೊಳ್ಳಿ. ಅಜ್ಜಿ ಹೇಳಿದ ಅಳತೆ ತಪ್ಪಲ್ಲ.

ಈಗ ಇಂಡೋನೇಷ್ಯಾ. ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗುಹೆಯಲ್ಲಿ 2003ರಲ್ಲಿ ಸಿಕ್ಕ ಹೆಂಗಸಿನ ತೊಡೆ ಎಲುಬು 28 ಸೆಂ.ಮೀ. ನಿಮ್ಮ ಹೊಲದ್ದೂ ಅಷ್ಟೇ. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ ಲೂಸಿ, ಮನುಷ್ಯರ ಹಳೇ ವಂಶದ ಹೆಣ್ಣು, 32 ಲಕ್ಷ ವರ್ಷ ಹಳೆಯವಳು, ಅವಳೂ ಮೂರೂವರೆ ಅಡಿ. ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ತಲೆ ಸಮ. ಆದರೆ ಆ ಇಬ್ಬರಿಗೂ ಬುದ್ಧಿ ಹಲ್ಲು ಬಂದಿತ್ತು, ಸವೆದೂ ಇತ್ತು. ಎಲುಬಿನ ತುದಿಗಳು ಕೂಡಿಕೊಂಡಿದ್ದವು. ಅವರು ಬೆಳೆದು ಮುಗಿದವರು. ನಿಮ್ಮ ಹೊಲದಲ್ಲಿ ಇರುವವರು ಇನ್ನೂ ಬೆಳೆಯಬೇಕಾಗಿತ್ತು.

ಸಿಂಧನೂರು_ಅಕ್ಕ
ಕೊನೆಯ ಸಾಲು ಓದಿ ಹೊಟ್ಟೆಯಲ್ಲಿ ಏನೋ ಆಯಿತು ಮೇಷ್ಟ್ರೇ. ನಮ್ಮ ಮೊಮ್ಮಗನಿಗೆ ಈಗ ಆರು.

ನಿವೃತ್ತ_ರೈಟರ್
ಮಗು ಅಂದರೆ ಕೇಸ್ ಇನ್ನೂ ಗಂಭೀರ. ಠಾಣೆಗೆ ಹೇಳಿದೆಯಾ?

ಕನಕಗಿರಿ_ಹುಡುಗ
ಈಗ ಹೊರಟಿದ್ದೇನೆ. ಕಾಕಾನಿಗೆ ಹೆದರಿಕೆ, ಹೊಲ ಸರ್ಕಾರ ತಗೊಂಡುಬಿಡುತ್ತದೆ ಅಂತ.

ಸಂಗನಕಲ್ಲು_ಸುತ್ತಾಟ
ಎಲುಬು ಸಿಕ್ಕ ಮಾತ್ರಕ್ಕೆ ಹೊಲ ಯಾರೂ ತಗೊಳ್ಳುವುದಿಲ್ಲ. ಪೊಲೀಸರಿಗೆ ಹೇಳಿದ ಮೇಲೆ ಕಮಲಾಪುರದ ಪುರಾತತ್ವ ಇಲಾಖೆ ಕಚೇರಿಗೂ ಒಂದು ಮಾತು ತಿಳಿಸಿ. ಮಡಕೆ ಚೂರು ಒಂದೂ ಬಿಸಾಡಬೇಡಿ.

ವಿಜ್ಞಾನ_ವಿರೂಪಾಕ್ಷಿ
ಎಲ್ಲ ಸರಿ, ಆದರೆ ಲೂಸಿ ಪಾಸಿ ಅಂತ ಮಂಗನ ಕಥೆ ಯಾಕೆ ತರುತ್ತೀರಿ? ಮಂಗನಿಂದ ಮಾನವ ಆಗಿದ್ದರೆ ಈಗಿನ ಮಂಗ ಯಾಕೆ ಮನುಷ್ಯ ಆಗುತ್ತಿಲ್ಲ? ಅಂಜನಾದ್ರಿಯಲ್ಲಿ ಸಾವಿರಾರು ಇವೆ, ಒಂದಾದರೂ ಬಾಳೆಹಣ್ಣು ಕಸಿಯುವುದು ಬಿಟ್ಟು ಬೇರೆ ಕೆಲಸ ಮಾಡಿದ್ದು ನೋಡಿಲ್ಲ.

ಗಿಣಿಗೇರಿ_ಟೀಚರ್
ವಿರೂಪಾಕ್ಷಿ ಸರ್, ಹೆಸರಲ್ಲಿ ವಿಜ್ಞಾನ ಇಟ್ಟುಕೊಂಡು ಈ ಪ್ರಶ್ನೆನಾ? ನಿಮ್ಮ ದೊಡ್ಡಪ್ಪನ ಮಗ ನಿಮ್ಮ ತಂದೆ ಅಲ್ಲ ಅಲ್ವಾ? ಇಬ್ಬರಿಗೂ ಅಜ್ಜ ಒಬ್ಬ. ಚಿಂಪಾಂಜಿ ನಮ್ಮ ದಾಯಾದಿ, ತಾತ ಅಲ್ಲ. ನಿಮ್ಮ ದಾಯಾದಿ ಯಾಕೆ ಇನ್ನೂ ವಿರೂಪಾಕ್ಷಿ ಆಗಿಲ್ಲ ಅಂತ ಕೇಳಿದ ಹಾಗಾಯಿತು.

ಹತ್ತನೇ ಕ್ಲಾಸಿಗೆ ನಾನು ಒಂದು ಆಟ ಮಾಡಿಸುತ್ತೇನೆ. ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿಯುವ ದೊಡ್ಡ ತೂತು ಇರುತ್ತದೆ. ನಾಲ್ಕು ಕಾಲಲ್ಲಿ ನಡೆಯುವ ನಾಯಿಗೆ ಅದು ಹಿಂದಕ್ಕೆ. ನೆಟ್ಟಗೆ ನಡೆಯುವ ನಮಗೆ ಸರಿಯಾಗಿ ಕೆಳಗೆ, ಕಂಬದ ಮೇಲೆ ಕೊಡ ಇಟ್ಟ ಹಾಗೆ. ಒಂದು ತೂತು ನೋಡಿ ಆ ಪ್ರಾಣಿ ಹೇಗೆ ನಡೆಯುತ್ತಿತ್ತು ಅಂತ ಹೇಳಬಹುದು. ದಕ್ಷಿಣ ಆಫ್ರಿಕಾದ ಟಾಂಗ್ ಅನ್ನುವಲ್ಲಿ 1924ರಲ್ಲಿ ಒಂದು ಪುಟ್ಟ ಬುರುಡೆ ಸಿಕ್ಕಿತು. ಮಿದುಳು ಮಂಗನಷ್ಟೇ, ಆದರೆ ತೂತು ಮಾತ್ರ ಕೆಳಗೆ. ರೇಮಂಡ್ ಡಾರ್ಟ್ ಇದು ನಮ್ಮ ಕಡೆಯದ್ದು ಅಂದರು. ದೊಡ್ಡ ಪಂಡಿತರು ನಕ್ಕರು.

ಅಂದ ಹಾಗೆ ಟಾಂಗ್ ಬುರುಡೆಯೂ ಮಗುವಿನದ್ದೇ. ಮೇಷ್ಟ್ರು ಹೇಳಿದ ಹಾಗೆ ಹಾಲು ಹಲ್ಲು, ಜೊತೆಗೆ ಮೊದಲ ಶಾಶ್ವತ ಹಲ್ಲು ಆಗಷ್ಟೇ ಬಂದಿತ್ತು.

ಮೂಳೆ_ಮೇಷ್ಟ್ರು
ಟೀಚರ್, ಒಳ್ಳೆಯ ಜಾಗ ಮುಟ್ಟಿದಿರಿ. ಅದೇ ಹಲ್ಲು ನೋಡಿ ಮೊದಲು ಆರು ವರ್ಷ ಅಂದಿದ್ದರು, ನಮ್ಮ ಮಕ್ಕಳ ಲೆಕ್ಕದಲ್ಲಿ. ಆಮೇಲೆ ಹಲ್ಲಿನ ಹೊಳಪು ಪದರದ ಒಳಗೆ ದಿನದಿನದ ಸಣ್ಣ ಗೆರೆಗಳನ್ನು ಎಣಿಸುವುದು ಕಲಿತರು, ಮರದ ಉಂಗುರದ ಹಾಗೆ. ಆ ಜಾತಿಯ ಮಕ್ಕಳು ನಮಗಿಂತ ಬೇಗ ಬೆಳೆಯುತ್ತಿದ್ದವು ಅಂತ ಗೊತ್ತಾಯಿತು. ಈಗ ಟಾಂಗ್ ಮಗುವಿಗೆ ಮೂರು ನಾಲ್ಕು ವರ್ಷ ಅನ್ನುತ್ತಾರೆ. ಕಣ್ಣಿನ ಗುಳಿಯಲ್ಲಿ ಹದ್ದಿನ ಉಗುರು ಕೊಕ್ಕಿನ ಗುರುತು ಕಂಡಿದ್ದಾರೆ ಕೂಡ.

ಕೀನ್ಯಾದಲ್ಲಿ 1984ರಲ್ಲಿ ಕಮೋಯಾ ಕಿಮೆಯು ಹುಡುಕಿದ ತುರ್ಕಾನಾ ಹುಡುಗ ಇನ್ನೂ ವಿಚಿತ್ರ. 15 ಲಕ್ಷ ವರ್ಷ ಹಿಂದಿನವನು. ಎತ್ತರ ನೋಡಿದರೆ ಐದಡಿ ದಾಟಿದ್ದ, ಹೈಸ್ಕೂಲ್ ಹುಡುಗನ ಹಾಗೆ. ಹಲ್ಲು ಎಣಿಸಿದರೆ ಎಂಟು ವರ್ಷ! ನಮ್ಮ ಮಕ್ಕಳು ಹೀಗೆ ಹದಿನೆಂಟು ವರ್ಷ ನಿಧಾನವಾಗಿ ಬೆಳೆಯುವುದಿದೆಯಲ್ಲ, ಅದು ತೀರ ಈಚೆಗಿನ ಸಂಗತಿ. ಎಲುಬು ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ವಿಜ್ಞಾನ_ವಿರೂಪಾಕ್ಷಿ
ಈ ವಿಜ್ಞಾನಿಗಳೇ ಮೋಸ ಮಾಡಿ ಸಿಕ್ಕಿಬಿದ್ದಿದ್ದಾರೆ. ಪಿಲ್ಟ್‌ಡೌನ್ ಅಂತ ಹುಡುಕಿ ನೋಡಿ.

ಗಿಣಿಗೇರಿ_ಟೀಚರ್
ಹೌದು, ಸಿಕ್ಕಿಬಿದ್ದಿದ್ದಾರೆ. ಹಿಡಿದವರು ಯಾರು? ಅವರೂ ವಿಜ್ಞಾನಿಗಳೇ. 1912ರಲ್ಲಿ ಇಂಗ್ಲೆಂಡಿನಲ್ಲಿ ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಸೇರಿಸಿ, ಹಲ್ಲು ಉಜ್ಜಿ, ಬಣ್ಣ ಹಾಕಿ ಇಟ್ಟಿದ್ದರು. 1953ರಲ್ಲಿ ಬಯಲಾಯಿತು. ಬಯಲು ಮಾಡಿದ ದಾರಿಗಳಲ್ಲಿ ಒಂದು ಯಾವುದು ಗೊತ್ತಾ? ಫ್ಲೋರೈಡ್. ನಮ್ಮ ಕೊಪ್ಪಳ ರಾಯಚೂರಿನ ಬೋರ್‌ವೆಲ್ ನೀರಲ್ಲಿ ಇರುವ ಅದೇ ಫ್ಲೋರೈಡ್. ಮಣ್ಣಲ್ಲಿ ಹೂತ ಎಲುಬು ನೀರಿನಿಂದ ಅದನ್ನು ನಿಧಾನಕ್ಕೆ ಹೀರುತ್ತದೆ. ಬುರುಡೆಯೂ ದವಡೆಯೂ ಒಟ್ಟಿಗೆ ಹಳೆಯ ಕಾಲದಿಂದ ಅಲ್ಲಿದ್ದರೆ ಎರಡರಲ್ಲೂ ಚೆನ್ನಾಗಿ ಸೇರಿರಬೇಕು. ಸೇರಿರಲಿಲ್ಲ.

ಸಿಂಧನೂರು_ಅಕ್ಕ
ಸತ್ತ ಎಲುಬು ಹೀರುವುದು ಇರಲಿ, ಬದುಕಿರುವವರದ್ದೇ ಹೀರಿದೆ. ನಮ್ಮ ಮಾವನವರಿಗೆ ಐವತ್ತಕ್ಕೇ ಬೆನ್ನು ಬಗ್ಗುತ್ತಿರಲಿಲ್ಲ, ಕತ್ತು ತಿರುಗುತ್ತಿರಲಿಲ್ಲ. ಎಕ್ಸ್‌ರೇ ನೋಡಿ ಡಾಕ್ಟರ್ ಎಲುಬು ಗಟ್ಟಿಯಾಗಿ ನರದ ಜಾಗ ಮುಚ್ಚುತ್ತಿದೆ ಅಂದರು. ಊರಿಗೆ ಹಾಕಿದ ಶುದ್ಧ ನೀರಿನ ಘಟಕ ವರ್ಷದಲ್ಲಿ ಆರು ತಿಂಗಳು ಬಂದ್ ಇರುತ್ತದೆ.

ಬಳ್ಳಾರಿ_ಬಿಸಿಲು
ನಮ್ಮ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ನೀರೂ ಬರುವುದಿಲ್ಲ, ನಾಣ್ಯವೂ ಬರುವುದಿಲ್ಲ. ಯಾರಿಗೆ ದೂರು ಕೊಡಬೇಕು?

ನಿರ್ವಾಹಕ
ನೀರಿನ ಘಟಕಕ್ಕೆ ಬೇರೆ ಚರ್ಚೆ ಶುರು ಮಾಡಿ. ಕೋರ್ಟಿನಲ್ಲಿರುವ ಯಾವ ಪ್ರಕರಣವನ್ನೂ ಇಲ್ಲಿ ಎಳೆದು ತರಬೇಡಿ, ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ಬಳ್ಳಾರಿ_ಬಿಸಿಲು
ಸರಿ ಸರಿ. ಎಲುಬಿನದ್ದೇ ಪ್ರಶ್ನೆ: ಡಿಎನ್‌ಎ ಮಾಡಿದರೆ ಯಾರ ಮಗು ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ ಅಲ್ವಾ? ಡಿಎನ್‌ಎ ಲ್ಯಾಬ್ ಇರುವ ಹೈದರಾಬಾದ್ ಹತ್ತಿರವೇ ಇದೆ. ಸಿನಿಮಾದಲ್ಲಿ ಬುರುಡೆ ಇಟ್ಟರೆ ಕಂಪ್ಯೂಟರ್‌ನಲ್ಲಿ ಮುಖ ಬರುತ್ತದೆ.

ನಿವೃತ್ತ_ರೈಟರ್
ಸಿನಿಮಾ ಬಿಡಪ್ಪ. ಗುರುತು ಹಿಡಿಯುವುದು ಅಂದರೆ ಹೋಲಿಸುವುದು. ಒಂದು ಕಡೆ ಎಲುಬು ಇದ್ದರೆ ಇನ್ನೊಂದು ಕಡೆ ಕಾಣೆಯಾದವನ ಫೋಟೋ, ಎಕ್ಸ್‌ರೇ, ತಾಯಿಯ ರಕ್ತ ಏನಾದರೂ ಇರಬೇಕು. ನನ್ನ ಕಾಲದಲ್ಲಿ ಕಾಲುವೆಯಲ್ಲಿ ಸಿಕ್ಕ ಒಂದು ಅಸ್ಥಿಪಂಜರ ಎರಡು ತಿಂಗಳು ಅನಾಮಧೇಯ ಆಗಿತ್ತು. ತೊಡೆಯಲ್ಲಿ ಮೂಳೆ ಡಾಕ್ಟರ್ ಹಾಕಿದ ಸ್ಟೀಲ್ ಪ್ಲೇಟ್ ಇತ್ತು, ಅದರ ಮೇಲೆ ಕಂಪನಿ ನಂಬರ್. ಆ ನಂಬರ್ ಹಿಡಿದು ಆಸ್ಪತ್ರೆ, ಆಸ್ಪತ್ರೆಯ ರಿಜಿಸ್ಟರ್ ಹಿಡಿದು ಊರು. ಹೆಂಡತಿ ಎರಡು ವರ್ಷದಿಂದ ಗಂಡ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ ಅಂದುಕೊಂಡಿದ್ದಳು. ಆ ಮನೆಗೆ ಸುದ್ದಿ ತಗೊಂಡು ಹೋದವನು ನಾನೇ.

ಮೂಳೆ_ಮೇಷ್ಟ್ರು
ರೈಟರ್ ಹೇಳಿದ್ದು ಸರಿ. ಬುರುಡೆಯ ಮೇಲೆ ಫೋಟೋ ಹೊಂದಿಸುವುದೂ ಹೋಲಿಕೆಯೇ. 1935ರಲ್ಲಿ ಬ್ರಿಟನ್‌ನಲ್ಲಿ ರಕ್ಸ್‌ಟನ್ ಅನ್ನುವ ಡಾಕ್ಟರ್ ಹೆಂಡತಿಯನ್ನೂ ಕೆಲಸದವಳನ್ನೂ ಕೊಂದು ತುಂಡು ಮಾಡಿ ಸ್ಕಾಟ್ಲೆಂಡಿನ ಕಣಿವೆಗೆ ಎಸೆದಿದ್ದ. ಅಲ್ಲಿ ಬುರುಡೆಯ ಫೋಟೋ ಮೇಲೆ ಹೆಂಡತಿಯ ಹಳೇ ಫೋಟೋ ಅದೇ ಅಳತೆಗೆ ಹೊಂದಿಸಿ ನೋಡಿದರು. ಹೊಂದಿಕೊಂಡಿತು. ಆದರೆ ಹೊಂದಲಿಲ್ಲ ಅಂದರೆ ಅವಳಲ್ಲ ಅಂತ ಗಟ್ಟಿಯಾಗಿ ಹೇಳಬಹುದು, ಹೊಂದಿದರೆ ಅವಳೇ ಇರಬಹುದು ಅನ್ನಬಹುದು. ಕಟ್ಟಕಡೆಯ ಮಾತು ಈಗ ಡಿಎನ್‌ಎಯದ್ದು.

ಆ ಡಿಎನ್‌ಎ ನಮ್ಮ ಬಿಸಿಲಿಗೆ ಉಳಿಯುವುದೇ ಕಷ್ಟ. ಹರಿಯಾಣದಲ್ಲಿ ಹರಪ್ಪ ಕಾಲದ ಊರಾದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಒಂದೇ ಒಂದು ಹೆಂಗಸಿನದ್ದು ಕೈಗೆ ಸಿಕ್ಕಿತು, 2019ರಲ್ಲಿ ಪ್ರಕಟ ಆಯಿತು. ಹಿಮಾಲಯದ ರೂಪಕುಂಡ ಕೆರೆಯಲ್ಲಿ ಸಿಕ್ಕ ರಾಶಿ ಎಲುಬನ್ನು ಚಳಿ ಕಾಪಾಡಿತ್ತು, ಅದೇ ವರ್ಷ 38 ಜನರ ಡಿಎನ್‌ಎ ಓದಿದರು. ಒಂದೇ ಸೈನ್ಯ, ಒಂದೇ ರಾಜನ ಪರಿವಾರ ಅಂತೆಲ್ಲ ಕಥೆ ಇತ್ತು. ನೋಡಿದರೆ 14 ಜನ ಮೆಡಿಟರೇನಿಯನ್ ಕಡೆಯವರು, ಉಳಿದವರಲ್ಲಿ ಹೆಚ್ಚಿನವರಿಗಿಂತ ಸುಮಾರು ಸಾವಿರ ವರ್ಷ ಈಚೆ ಸತ್ತವರು.

ಗುಂಡಪ್ಪ_77
ಹಳೇ ಎಲುಬು ನಾಲಿಗೆಗೆ ಅಂಟುತ್ತದೆ ಅಂತ ಕೇಳಿದ್ದೇನೆ. ನಿಜವಾ?

ಸಂಗನಕಲ್ಲು_ಸುತ್ತಾಟ
ನಿಜ. ಒಳಗಿನ ಅಂಟು ಪದಾರ್ಥ ಹೋಗಿ ಸಣ್ಣ ಸಣ್ಣ ತೂತು ಉಳಿಯುತ್ತದೆ, ಅದು ಎಂಜಲು ಎಳೆಯುತ್ತದೆ. ಆದರೆ ದಯವಿಟ್ಟು ಯಾರೂ ನೆಕ್ಕಬೇಡಿ.

ಕನಕಗಿರಿ_ಹುಡುಗ
ತಡವಾಯಿತು. ನಮ್ಮ ಅಕ್ಕನ ಮಗ ಇಲ್ಲಿ ಓದಿ ಓಡಿ ಹೋಗಿ ನೆಕ್ಕಿದ. ಅಂಟಿತಂತೆ.

ಗುಂಡಪ್ಪ_77
ಲ್ಯಾಬ್ ರಿಪೋರ್ಟ್ ಬಂತು.

ರಾಯಚೂರು_ರೈಲು
ಹೊಸದೋ ಹಳೆಯದೋ ಹೇಳುವುದಕ್ಕೆ ಬೇರೆ ಸುಲಭ ದಾರಿ ಇಲ್ಲವಾ? ಪೊಲೀಸರು ಏನು ನೋಡುತ್ತಾರೆ?

ಮೂಳೆ_ಮೇಷ್ಟ್ರು
ತೂಕ, ಜಿಡ್ಡು, ವಾಸನೆ, ಅಂಟಿಕೊಂಡ ನರ. ಎರಡನೇ ಫೋಟೋದಲ್ಲಿ ಮುರಿದ ಜಾಗ ನೋಡಿ: ಹೊರಗೆ ಮಣ್ಣಿನ ಕಂದು, ಮುರಿದ ಕಡೆ ಬೆಳ್ಳಗೆ. ಅಂದರೆ ಅದು ಮುರಿದದ್ದು ಸೋಮವಾರ, ಜೆಸಿಬಿ ಹಲ್ಲಿಗೆ. ಆದರೆ ಎಲುಬಿನ ಬಣ್ಣ ನೋಡಿ ಐವತ್ತು ವರ್ಷವಾ ಐನೂರು ವರ್ಷವಾ ಹೇಳಿದರೆ ಅದು ಜ್ಯೋತಿಷ್ಯ. ಅದಕ್ಕೆ ಕಾರ್ಬನ್ ಪರೀಕ್ಷೆ ಬೇಕು.

ಜೆಸಿಬಿ_ಮಾಲೀಕ
ಎಲ್ಲಾದಕ್ಕೂ ಕೊನೆಗೆ ಜೆಸಿಬಿಯೇ.

ಕನಕಗಿರಿ_ಹುಡುಗ
ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಪಿಎಸ್‌ಐ, ತಹಶೀಲ್ದಾರ್ ಇಬ್ಬರೂ ಬಂದಿದ್ದರು. ಮೆಡಿಕಲ್ ಕಾಲೇಜಿನ ಡಾಕ್ಟರ್ ನೋಡಿ ಮನುಷ್ಯನದ್ದು, ಒಂದೇ ಮಗು, ಆರು ವರ್ಷದ ಆಚೀಚೆ ಅಂದರು. ಕೊಯ್ದ ಗುರುತು ಇಲ್ಲ. ಮೇಷ್ಟ್ರೇ, ನಿಮ್ಮ ಅಡಿಕೆ ಉಂಡೆಯೂ ಸಿಕ್ಕಿತು, ಮಣ್ಣು ಜರಡಿ ಹಿಡಿದಾಗ. ತುದಿಗೆ ಇಟ್ಟರೆ ಮುಚ್ಚಳದ ಹಾಗೆ ಕೂತಿತು. ಕೊಲೆ ಪಾರ್ಟಿಯವರು ಅದನ್ನು ನೋಡಿದ ಮೇಲೆ ಚಹಾ ಕುಡಿದು ಹೋದರು.

ಇನ್ನೊಂದು, ಮುಂದಿನ ಹಲ್ಲಿನ ಮೇಲೆ ಅಡ್ಡ ಗೆರೆ ಇದೆ. ಡಾಕ್ಟರ್ ತೋರಿಸಿದರು. ಆ ಹಲ್ಲು ಒಳಗೆ ಬೆಳೆಯುವಾಗ ಮಗುವಿಗೆ ದೊಡ್ಡ ಜ್ವರವೋ ಹಸಿವೋ ಬಂದು ಹೋಗಿದೆಯಂತೆ.

ಪುರಾತತ್ವದವರು ಮಾರನೆಯ ದಿನ ಬಂದರು. ಹೊಂಡದ ಗೋಡೆಯಲ್ಲಿ ಗುಣಿಯ ಅಂಚು ಇನ್ನೂ ಕಾಣುತ್ತಿತ್ತು, ಮಣ್ಣಿನ ಬಣ್ಣ ಅಲ್ಲಿ ಬೇರೆ. ಅದರೊಳಗೆ ಮಡಕೆಯ ತಳ ಹಾಗೇ ಕೂತಿತ್ತು, ಪಕ್ಕದಲ್ಲೇ ಪಕ್ಕೆಲುಬು. ಒಂದೇ ಗುಣಿ ಅಂತ ಅವರು ಒಪ್ಪಿದರು. ಅಳತೆ ತಗೊಂಡು, ಫೋಟೋ ತೆಗೆದು, ಎಲ್ಲ ಕಟ್ಟಿಕೊಂಡು ಹೋದರು. ನಮಗೆ ಹೊಂಡ ಇಪ್ಪತ್ತು ಮೀಟರ್ ಆಚೆ ತೋಡಲು ಹೇಳಿದರು. ಒಂದು ಹಲ್ಲು ಕಮ್ಮಿ ಇತ್ತು. ನೆಕ್ಕಿದವನ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕಿತು.

ಸಂಗನಕಲ್ಲು_ಸುತ್ತಾಟ
ಗುಣಿಯ ಅಂಚು ಉಳಿದಿತ್ತು ಅಂದಿರಲ್ಲ, ಇಡೀ ಸುದ್ದಿಯಲ್ಲಿ ಅದೇ ಬಂಗಾರ. ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜ ರಾವ್ ಅಗೆದಾಗ ಮಡಕೆಯೊಳಗೆ ಹೂತ ಮಕ್ಕಳು ಸಿಕ್ಕಿದ್ದರು. ಅದು ಇದಕ್ಕಿಂತ ಹಳೆಯ ಕಾಲ. ಪುಟಾಣಿಗಳನ್ನು ಮಡಕೆಯಲ್ಲಿಟ್ಟು ಮನೆ ಹತ್ತಿರವೇ ಹೂಳುತ್ತಿದ್ದರು.

ಸಿಂಧನೂರು_ಅಕ್ಕ
ಗಂಡು ಮಗುವಾ ಹೆಣ್ಣು ಮಗುವಾ? ಅದೊಂದು ಹೇಳಲೇ ಇಲ್ಲ.

ಮೂಳೆ_ಮೇಷ್ಟ್ರು
ಎಲುಬು ನೋಡಿ ಹೇಳಲು ಬರುವುದಿಲ್ಲ ತಾಯಿ. ಸೊಂಟದ ಎಲುಬು ಗಂಡು ಹೆಣ್ಣು ಅಂತ ಬೇರೆಯಾಗುವುದು ದೊಡ್ಡವರಾದ ಮೇಲೆ. ಆರು ವರ್ಷಕ್ಕೆ ಇಬ್ಬರದ್ದೂ ಒಂದೇ ಥರ. ಹಲ್ಲಿನ ಹೊಳಪು ಪದರದಲ್ಲಿ ಒಂದು ಪ್ರೋಟೀನ್ ಉಳಿದಿರುತ್ತದೆ, ಅದರಿಂದ ಪತ್ತೆ ಮಾಡಬಹುದು. ಅವರು ಮಾಡಿಸಿದರೆ ಗೊತ್ತಾಗುತ್ತದೆ.

ಕನಕಗಿರಿ_ಹುಡುಗ
ನಮ್ಮ ಅಜ್ಜಿಯೂ ಡಾಕ್ಟರ್‌ಗೆ ಅದನ್ನೇ ಕೇಳಿದಳು. ಅವರು ಗೊತ್ತಿಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೋರೇರ ಮಾತು ಮತ್ತೆ ಎತ್ತಲಿಲ್ಲ. "ಯಾರದೋ ಕೂಸು" ಅಂದಳು. ಸಂಜೆ ಹೊಂಡದ ಅಂಚಿಗೆ ಹೋಗಿ ಒಂದು ಲೋಟ ಹಾಲು ಸುರಿದು ಬಂದಳು. ಎಲುಬು ಅಲ್ಲಿಲ್ಲ, ಜೀಪಿನಲ್ಲಿ ಹೋಗಿವೆ ಅಂತ ಹೇಳಿದೆ. ಗೊತ್ತು ಅಂದಳು.

ಜೆಸಿಬಿ_ಮಾಲೀಕ
ತಮ್ಮಾ, ಆ ಹೊಸ ಹೊಂಡಕ್ಕೆ ಗಾಡಿ ಯಾವಾಗ ಬೇಕು? ತಾಸಿಗೆ ನೂರು ಕಮ್ಮಿ ಮಾಡುತ್ತೇನೆ. ಡ್ರೈವರ್‌ಗೆ ಮೆಲ್ಲಗೆ ಅಗೆಯಲು ಹೇಳಿದ್ದೇನೆ.